ಸಿಟ್ಟು ಕಂಟ್ರೋಲ್ ಕಲಿಸೋ ಆನ್‌ಲೈನ್ ಕೋರ್ಸ್: ಸಿಟ್ಟಿಗೆ ಪರವಾಗಿಲ್ಲ, ಅಹಂಕಾರಕ್ಕೆ ಅರ್ಧಂಬರ್ಧ

ಐದಕ್ಕೆ ಮೂರು ಸ್ಟಾರ್. ಕೋರ್ಸಿನ ಹೆಸರು ಹಾಕ್ತಿಲ್ಲ, ಇಂಥವೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚು, ವಿಡಿಯೋ ಪಾಠ, ಒಂದು ವರ್ಕ್‌ಬುಕ್, ವಾರಕ್ಕೊಂದು ಲೈವ್ ಗ್ರೂಪ್ ಸೆಷನ್, ಜೊತೆಗೆ "ಇವತ್ತು ಶಾಂತವಾಗಿದ್ರಾ?" ಅಂತ ಕೇಳಿ ಕೇಳಿನೇ ತಲೆ ಕೆಡಿಸೋ ನೋಟಿಫಿಕೇಶನ್ (ಅದನ್ನ ಮೊದ್ಲು ಆಫ್ ಮಾಡಿ).

ನಿಜವಾಗ್ಲೂ ಕೆಲಸಕ್ಕೆ ಬರೋದು ಡೈರಿ. ರೇಗಾಡಿದ ಮೇಲೆ ಕೂತು ಕಾಲಂ ತುಂಬ್ಬೇಕು, ನಡೆದಿದ್ದೇನು, ಮೈಗೆ ಏನಾಯ್ತು, ತಲೇಲಿ ಏನು ಓಡ್ತಿತ್ತು, ಆಮೇಲೆ ಏನು ಮಾಡಿದ್ರಿ. ಶುರುವಲ್ಲಿ ಎಲ್ರೂ ಮೊದಲನೇ ಕಾಲಂನೇ ಪುಟಗಟ್ಲೆ ಬರೀತಾರೆ, ಎದುರಿನವರು ಎಷ್ಟು ಕೆಟ್ಟವರು ಅಂತ, ಎರಡನೇದು ಖಾಲಿ ಖಾಲಿ. ಬರೀತಾ ಹೋದಂಗೆ ಗೊತ್ತಾಗುತ್ತೆ, ಬಾಯಿಂದ ಮಾತು ಬೀಳೋಕ್ ಮುಂಚೆನೇ ಹಲ್ಲು ಕಚ್ಚಿರುತ್ತೆ, ಕಿವಿ ಬಿಸಿಯಾಗಿರುತ್ತೆ, ಎದೆ ಬಡ್ಕೊಳ್ತಿರುತ್ತೆ, ಎಲ್ಲ ಅಡ್ರಿನಲಿನ್ ಆಟ, ಆ ಹೊತ್ತಿಗೆ ಎದ್ದು ಹೋದ್ರೆ ಅರ್ಧ ಜಗಳ ತಪ್ಪಿತು. ಹಾಗಂತ ಬಾಗಿಲು ಧಡಾರ್ ಅಂತ ಬಡಿದು ಹೋಗೋದಲ್ಲ, "ಸ್ವಲ್ಪ ಹೊತ್ತು ಬಿಟ್ಟು ಬಂದು ಮಾತಾಡ್ತೀನಿ" ಅಂತ ಹೇಳಿ ಹೋಗ್ಬೇಕು, ಹೇಳಿದಂಗೆ ವಾಪಸ್ ಬರ್ಲೂಬೇಕು. ಇದನ್ನ ಚೆನ್ನಾಗಿ ಹೇಳ್ಕೊಟ್ಟಿದಾರೆ, ಒಪ್ಕೋತೀನಿ.

ಒಂದು ಸ್ಟಾರ್ ಹೋಗಿದ್ದು "ಸಿಟ್ಟು ಹೊರಗೆ ಹಾಕಿ" ಅನ್ನೋ ಪಾಠಕ್ಕೆ. ದಿಂಬಿಗೆ ಗುದ್ದಿ, ರೂಮಲ್ಲಿ ಕಿರುಚಿ, ಹಗುರಾಗುತ್ತೆ ಅಂತಾರೆ. ರೀ, ಇದು ಎಷ್ಟೋ ಹಿಂದೆನೇ ಬಿದ್ದು ಹೋದ ಮಾತು. 2002ರಲ್ಲೇ ಬ್ರಾಡ್ ಬುಷ್‌ಮನ್ ಅನ್ನೋ ಮನಃಶಾಸ್ತ್ರಜ್ಞ ಟೆಸ್ಟ್ ಮಾಡಿ ತೋರಿಸಿದಾರೆ, ಬೈದವನನ್ನ ನೆನೆಸ್ಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಿದವರಿಗೆ ಸುಮ್ನೆ ಕೂತವರಿಗಿಂತ ಸಿಟ್ಟು ಜಾಸ್ತಿನೇ ಇತ್ತು. 2024ರಲ್ಲಿ 154 ಅಧ್ಯಯನ ಒಟ್ಟಿಗೆ ಇಟ್ಟು ನೋಡಿದಾಗ್ಲೂ ಅದೇ, ಉಸಿರಾಟ, ಧ್ಯಾನ, ಮೈ ಸಡಿಲ ಬಿಡೋದು ಇಂಥವು ಸಿಟ್ಟು ಇಳಿಸ್ತವೆ, ಮೈ ಬಿಸಿ ಏರಿಸೋ ಕೆಲಸದಿಂದ ಇಳಿಯಲ್ಲ, ಓಡೋದ್ರಿಂದಂತೂ ಏರೋ ಚಾನ್ಸೇ ಜಾಸ್ತಿ. ದುಡ್ಡು ತಗೊಂಡು ಪಾಠ ಮಾಡೋರು ಇಷ್ಟಾದ್ರೂ ಓದ್ಕೋಬೇಡ್ವಾ?

ಇನ್ನೊಂದು ಸ್ಟಾರ್ ಅಹಂಕಾರದ್ದು. ಅದಕ್ಕೆ ಕೊನೆಕೊನೆಗೆ ಒಂದೇ ಒಂದು ಪಾಠ, ಆದ್ರೆ ಇಡೀ ಕೋರ್ಸಲ್ಲಿ ಅದೇ ಬೆಸ್ಟ್. ಯಾರ ಮೇಲೆ ರೇಗಾಡಿದ್ರೋ ಅವರಿಗೆ ಕ್ಷಮೆ ಕೇಳಿ ಬರೀಬೇಕು, ಸೆಷನ್‌ನಲ್ಲಿ ಓದ್ಬೇಕು. ಒಬ್ರು ಓದಿದ್ರು, "ನಾನು ಕಿರುಚಿದ್ದು ತಪ್ಪೇ, ಆದ್ರೆ ನೀನೂ ಎಲ್ಲರ ಮುಂದೆ ಹಾಗೆ ಕೇಳ್ಬಾರ್ದಿತ್ತು." ಟ್ರೈನರ್ ಮೇಡಂ ಹೇಳಿದ್ರು, ಮೊದಲನೇ ಭಾಗ ಇಟ್ಕೊಂಡು ಉಳಿದಿದ್ದು ಹೊಡೆದು ಹಾಕಿ ಓದಿ ಸರ್. ಆಗ್ಲಿಲ್ಲ ರೀ ಅವರಿಗೆ! ಹೇಗ್ ಮೇಡಂ, ಅವನು ಮಾಡಿದ್ದು ಸರೀನಾ ಅಂತ ಶುರು ಮಾಡಿ ದನಿ ಏರ್ತಾನೇ ಹೋಯ್ತು, ಮುಖ ಕೆಂಪಾಯ್ತು, ಕೊನೆಗೆ ಕ್ಯಾಮೆರಾನೇ ಆಫ್ ಮಾಡ್ಬಿಟ್ರು. ಕಿರುಚಿದ್ದನ್ನ ಒಪ್ಕೊಂಡಾಗಿತ್ತು, ಸಿಟ್ಟು ಯಾವತ್ತೋ ಇಳಿದಿತ್ತು, ನಾಲ್ಕು ಜನರ ಮುಂದೆ ತಾನು ಸಣ್ಣವನಾದೆ ಅನ್ನೋದು ಮಾತ್ರ ಇನ್ನೂ ಒಳಗೆ ಹಾಗೇ ಕೂತಿತ್ತು. 1998ರಲ್ಲಿ ಇದೇ ಬುಷ್‌ಮನ್, ರಾಯ್ ಬೌಮೈಸ್ಟರ್ ಜೊತೆ ಸೇರಿ ಮಾಡಿದ ಪ್ರಯೋಗದಲ್ಲೂ ಇಂಥದ್ದೇ ಕಂಡಿದ್ದು, ಬರೆದ ಪ್ರಬಂಧ ತೀರಾ ಕಳಪೆ ಅನ್ನಿಸ್ಕೊಂಡಾಗ ತಿರುಗಿ ಬೀಳೋದ್ರಲ್ಲಿ ಮುಂದಿದ್ದವರು ತಮ್ಮ ಬಗ್ಗೆ ಕೀಳರಿಮೆ ಇರೋರಲ್ಲ, ನಾನು ಬಹಳ ದೊಡ್ಡವನು ಅಂತ ಅಂದ್ಕೊಂಡಿರೋರು. ಇದನ್ನ ಹಿಡ್ಕೊಂಡು ಇನ್ನೂ ನಾಲ್ಕು ಪಾಠ ಮಾಡ್ಬೋದಿತ್ತು, ಇವರು ಟೈಮ್ ಆಯ್ತು ಅಂತ ಸೆಷನ್ ಮುಗಿಸಿ ಮುಂದಿನ ವಾರ ನಿದ್ದೆ ಬಗ್ಗೆ ಮಾತಾಡಿದ್ರು.

ತಮಾಷೆ ಅಂದ್ರೆ ಕೊನೆಗೆ "ಸಿಟ್ಟನ್ನು ಗೆದ್ದವರು" ಅಂತ ಸರ್ಟಿಫಿಕೇಟು, ಸ್ಟೇಟಸ್‌ಗೆ ಹಾಕ್ಕೊಳ್ಳಿ ಅಂತ ಬಟನ್ ಬೇರೆ.

ತಗೋಬೋದಾ ಅಂದ್ರೆ, ಬಾಯಿ ಜೋರಿರೋರು ಧಾರಾಳವಾಗಿ ತಗೊಳ್ಳಿ, ದಿಂಬಿನ ಪಾಠ ಸ್ಕಿಪ್ ಮಾಡಿ. ಕೈ ಎತ್ತೋ ಮಟ್ಟಕ್ಕೆ, ಸಾಮಾನು ಒಡೆಯೋ ಮಟ್ಟಕ್ಕೆ ಹೋಗಿದ್ರೆ ಇದನ್ನ ನಂಬ್ಕೊಂಡು ಕೂರ್ಬೇಡಿ, ನೇರ ಮಾನಸಿಕ ವೈದ್ಯರ ಹತ್ರ ಹೋಗಿ, ಸಿಟ್ಟಿನ ಹಿಂದೆ ಖಿನ್ನತೆನೋ ಕುಡಿತನೋ ಇರಬಹುದು, ಅದು ವಿಡಿಯೋ ನೋಡಿ ಹೋಗೋದಲ್ಲ. ಈ ಎಚ್ಚರಿಕೆ ಕೋರ್ಸಿನ ಮೊದಲನೇ ಪೇಜಲ್ಲೇ ಇರ್ಬೇಕಿತ್ತು, ಎಲ್ಲೂ ಇಲ್ಲ.