ಮಾತಾಡುವ ಪುಸ್ತಕ, ಮರದ ತಟ್ಟೆ, ಆಪ್, ಸ್ಲೇಟು: ಅಕ್ಷರ ಕಲಿಸಲು ನಮ್ಮನೆಯಲ್ಲಿ ಯಾವುದು ನಿಂತಿತು

ಗೆದ್ದದ್ದು ಸ್ಲೇಟು, ಮೊದಲೇ ಹೇಳಿಬಿಡ್ತೀನಿ. ಅವೆನ್ಯೂ ರಸ್ತೆಯಲ್ಲಿ 60 ರೂಪಾಯಿ ಕೊಟ್ಟು ತಂದದ್ದು, ಜೊತೆಗೆ ಒಂದು ಡಬ್ಬ ಬಳಪ. ಆದರೆ ಅದಕ್ಕೂ ಮೊದಲು ಎರಡು ಸಾವಿರದ ಹತ್ತಿರ ಕಳೆದುಕೊಂಡಿದ್ದೇನಲ್ಲ, ಆ ಹೊಟ್ಟೆಉರಿಗೆ ಇದನ್ನು ಬರೆಯುತ್ತಿರುವುದು.

ಮಗಳಿಗೆ ನಾಲ್ಕೂವರೆ ವರ್ಷ. ಶಾಲೆಯಲ್ಲಿ ಎ ಬಿ ಸಿ ಡಿ ಮುಗಿದು ಕ್ಯಾಟು, ಬ್ಯಾಟು ನಡೀತಿದೆ. ಕನ್ನಡ ಒಂದನೇ ಕ್ಲಾಸಿಗಂತೆ. ಅಲ್ಲೀತನಕ ಕಾಯೋ ತಾಳ್ಮೆ ನನಗಿರಲಿಲ್ಲ. ವಿಜಯದಶಮಿಯ ದಿನ ಅಕ್ಕಿ ಮೇಲೆ ಬೆರಳು ಹಿಡಿದು ಒಂದು ಸಲ ಬರೆಸಿದ್ದು ಬಿಟ್ಟರೆ ಅವಳಿಗೆ ಕನ್ನಡ ಅಕ್ಷರದ ಗಂಧಗಾಳಿ ಇರಲಿಲ್ಲ.

ಮೊದಲು ಬಂದದ್ದು ಮಾತಾಡುವ ಪುಸ್ತಕ. 1,350 ರೂಪಾಯಿ. ಅಕ್ಷರ ಒತ್ತಿದರೆ ಅಕ್ಷರ ಹೇಳುತ್ತೆ, ಚಿತ್ರ ಒತ್ತಿದರೆ ಚಿತ್ರದ ಹೆಸರು. ನಾನು ಅಡುಗೆ ಮಾಡುವಾಗ ಅವಳ ಪಾಡಿಗೆ ಅವಳು ಕಲೀತಾಳೆ ಅನ್ನೋ ಆಸೆ. ಮೂರು ದಿನ ಮನೆ ತುಂಬ ಅದರದ್ದೇ ಸದ್ದು. ನಾಲ್ಕನೇ ದಿನ ಊಟಕ್ಕೆ ಕೂತಾಗ ಅಜ್ಜಿಗೆ ಹೇಳಿದಳು: "ಅಜ್ಜಿ, ನಂಗೂ ಏಲೆ ಹಾಕು."

"ಏನೇ ಅದು ಏಲೆ?"

"ಬಾಳೆ ಏಲೆ."

ಹುಟ್ಟಿದಾಗಿನಿಂದ ಎಲೆಯನ್ನು ಎಲೆ ಅಂತಲೇ ಅಂದ ಮಗು. ಪುಸ್ತಕ ತಂದು ಒತ್ತಿ ನೋಡಿದೆ. ಎ ಒತ್ತಿದರೂ 'ಏ', ಏ ಒತ್ತಿದರೂ 'ಏ'. ಒಂಟೆಯ ಚಿತ್ರ ಒತ್ತಿದರೆ 'ಓಂಟೆ'. ಹಿಂದಿ ಪುಸ್ತಕಕ್ಕೆ ಧ್ವನಿ ಕೊಟ್ಟವರ ಕೈಲೇ ಕನ್ನಡವನ್ನೂ ಓದಿಸಿರಬೇಕು ಅಂತ ನನ್ನ ಊಹೆ, ಯಾಕೆಂದರೆ ಹಿಂದಿ ವರ್ಣಮಾಲೆಯಲ್ಲಿ ಹ್ರಸ್ವ ಎ, ಒ ಇಲ್ಲ. ನಮ್ಮಲ್ಲಿ ಅದಿಲ್ಲದೆ ಬದುಕೋದು ಹೇಗೆ? ಒಲೆಯಲ್ಲಿ ಅನ್ನ ಬೇಯುತ್ತೆ, ಓಲೆ ಕಿವಿಗೆ ಹಾಕೋದು. ಕೆರೆಯಲ್ಲಿ ನೀರಿರುತ್ತೆ, ಕೇರೆ ಅಂದರೆ ಹಾವು!

ಅಲ್ಲಿಗೇ ನಿಲ್ಲಲಿಲ್ಲ. ಣ ಒತ್ತಿದರೆ 'ನ', ಬಾಣದ ಚಿತ್ರಕ್ಕೆ 'ಬಾನ'. ಳ ಒತ್ತಿದರೆ 'ಲ'. ಹಾಲಿಗೂ ಹಾಳಿಗೂ ವ್ಯತ್ಯಾಸ ಗೊತ್ತಿಲ್ಲದ ಪುಸ್ತಕ. ನಾನು "ಹಾಗಲ್ಲ ಪುಟ್ಟಾ, ಬಾಣ" ಅಂತ ತಿದ್ದಲು ಹೋದರೆ "ಬುಕ್ಕಲ್ಲಿ ಹಾಗೇ ಹೇಳತ್ತೆ" ಅಂತ ನನಗೇ ಪಾಠ. ಮಗು ತಪ್ಪು ಮಾತಾಡಿದ್ದಕ್ಕೆ ನನಗೆ ಬೇಜಾರಿಲ್ಲ, ಸರಿಯಾಗಿ ಆಡುತ್ತಿದ್ದ ಮಾತನ್ನು ಪುಸ್ತಕದ ಮಾತು ನಂಬಿ ತಿದ್ದಿಕೊಂಡಳಲ್ಲ, ಅದಕ್ಕೆ ಸಂಕಟ. ಕಂಪನಿಗೆ ಫೋನ್ ಮಾಡಿದೆ. ಪಾಪ, ಮರ್ಯಾದೆಯಿಂದಲೇ ಮಾತಾಡಿ ವಾರದೊಳಗೆ ಬೇರೆ ಪೀಸ್ ಕಳಿಸಿದರು. ಹೊಸ ಪೀಸ್ ಒತ್ತಿದೆ. ಏಲೆ.

ಮರದ ಅಕ್ಷರದ ತಟ್ಟೆಗೆ 580. ನೋಡಲು ಚೆಂದ. ಆದರೆ ಮಗಳು ಗುಳಿಯ ಆಕಾರ ನೋಡಿ ಕೂರಿಸುವುದನ್ನು ಕಲಿತಳೇ ಹೊರತು ಅಕ್ಷರ ಕಲಿಯಲಿಲ್ಲ. 49 ಅಕ್ಷರವನ್ನೂ ಪಟಪಟ ಜೋಡಿಸಿದಳು, ಒಂದರ ಹೆಸರೂ ಗೊತ್ತಿಲ್ಲ. ತಲಕಟ್ಟಿನ ತುದಿಗಳು ಮುರಿದು ಈಗ ಅರ್ಧ ಅಕ್ಷರಗಳು ಬೋಳು. ಙ, ಞ ಎರಡೂ ಸೋಫಾ ಕೆಳಗೆ ಎಲ್ಲೋ ಸೇರಿವೆ. ಅವಿಲ್ಲದೆ ಯಾರಿಗೂ ಏನೂ ತೊಂದರೆ ಆಗಿಲ್ಲ.

ಆಪ್: ಉಚಿತ, ಉಚ್ಚಾರ ನಿಜಕ್ಕೂ ಚೆನ್ನಾಗಿದೆ. ಬೆರಳಲ್ಲಿ ಹೇಗೆ ಗೀಚಿದರೂ ನಕ್ಷತ್ರ ಕೊಡುತ್ತೆ, ಮೂರು ಅಕ್ಷರಕ್ಕೊಂದು ಜಾಹೀರಾತು. ಹತ್ತು ನಿಮಿಷ ಬಿಟ್ಟು ನೋಡಿದರೆ ಮಗಳು ಕಾರ್ಟೂನ್ ನೋಡ್ತಿರ್ತಾಳೆ.

ಸ್ಲೇಟಿನ ಉಪಾಯ ನನ್ನದಲ್ಲ. ಅತ್ತೆಯ ಪಕ್ಕದ ಮನೆಯಲ್ಲಿ ಸರ್ಕಾರಿ ಶಾಲೆಯ ಮೇಡಂ ಒಬ್ಬರಿದ್ದಾರೆ. ನನ್ನ ಕಥೆ ಕೇಳಿ ನಕ್ಕು, "ಅ ಆ ಇ ಈಯಿಂದ ಯಾಕ್ರೀ ಶುರು ಮಾಡ್ತೀರ? ರ ಗ ಸ ದ ಅ ಮಾಡಿ" ಅಂದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂದ, ಆಟವಾಡಿಸುತ್ತಾ ಕಲಿಸುವ ನಲಿ-ಕಲಿಯ ಕ್ರಮ ಅದು. ನಮ್ಮ ಕಾಲದಲ್ಲಿ ಅ ದಿಂದ ಅಃ ತನಕ ಬಾಯಿಪಾಠ ಮಾಡಿಯೇ ಕ ಗೆ ಬರುತ್ತಿದ್ದೆವು. ಯೋಚಿಸಿ ನೋಡಿದರೆ, ಅಷ್ಟೂ ಸ್ವರ ಕಲಿತ ಮಗುವಿಗೆ 'ಆ', 'ಈ' ಬಿಟ್ಟರೆ ಓದಲು ಪದವೇ ಇಲ್ಲ. ಪದದ ನಡುವೆ ಬರುವಾಗ ಸ್ವರ ತನ್ನ ರೂಪ ಬಿಟ್ಟು ಇಳಿ, ಗುಡಿಸು, ಕೊಂಬು ಆಗಿಬಿಡುತ್ತಲ್ಲ. ಅದೇ ರ ಗ ಸ ದ ಅ ಐದು ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಆಮೇಲೆ ಜ ವ ಮ ಬ ನ. ವ ಬರೆದು ಬಾಲ ಸುರುಳಿ ಸುತ್ತಿದರೆ ಮ, ಕೈಗೂ ಸುಲಭ.

ನಮ್ಮಲ್ಲಿ ನಡೆಯೋದು ಹೀಗೆ. ಸಂಜೆ ಏಳಕ್ಕೆ ನಾನು ಚಪಾತಿ ಲಟ್ಟಿಸುತ್ತೇನೆ, ಅವಳು ಅಡುಗೆಮನೆ ನೆಲದ ಮೇಲೆ ಸ್ಲೇಟು ಹಿಡಿದು ಕೂರುತ್ತಾಳೆ. ದಿನಕ್ಕೆ ಒಂದೇ ಅಕ್ಷರ. ಮೊದಲು ಸದ್ದು, ಆಮೇಲೆ ಬರವಣಿಗೆ. "ಸ ಸದ್ದಿನಿಂದ ಶುರುವಾಗೋದು ಇಲ್ಲಿ ಏನೇನಿದೆ ಹೇಳು?" ಸೌಟು, ಸಾರು, ಸಕ್ಕರೆ, ಸಾಸಿವೆ. ಒಂದಿನ "ಸಪ್ಪೆ" ಅಂದಳು. ಏನದು ಅಂದರೆ ಹಜಾರದಲ್ಲಿ ಕೂತಿದ್ದ ಅವಳಪ್ಪನ ಕಡೆ ಕೈ ತೋರಿಸಿ, "ಅಪ್ಪ, ಸಪ್ಪೆ ಮೋರೆ ಹಾಕ್ಕೊಂಡಿದೆ" ಅಂದಳು. ಲೆಕ್ಕಕ್ಕೆ ಹಿಡಿದೆ. ರ ಎರಡೇ ದಿನಕ್ಕೆ ಬಂತು, ಸ ಗೆ ವಾರ ಬೇಕಾಯಿತು. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಕಾಗದದ ಮೇಲಾದರೆ ತಪ್ಪು ಬರೆದದ್ದು ಹಾಗೇ ಕಣ್ಣೆದುರಿಗಿದ್ದು ಅಳು ಬರುತ್ತಿತ್ತು. ಸ್ಲೇಟಿನಲ್ಲಿ ಆ ರಗಳೆಯಿಲ್ಲ.

ಸ್ಲೇಟಿನ ತಕರಾರು ಎರಡು. ಬಳಪ ತಿನ್ನುತ್ತಾಳೆ (ನಾನೂ ತಿಂದವಳೇ, ಬೈಯುವ ಬಾಯಿಲ್ಲ). ಎರಡನೆಯದು, ಅದು ತಾನಾಗಿ ಏನೂ ಹೇಳಲ್ಲ. ಪಕ್ಕದಲ್ಲಿ ಒಬ್ಬರು ಬೇಕು, ದಿನಾ ಕಾಲು ಗಂಟೆ. ನನಗೆ ಚಪಾತಿ ಹೊತ್ತಿನಲ್ಲಿ ಅದು ಸಿಕ್ಕಿದೆ. ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಿಗೆ ಸಿಗಲಿಕ್ಕಿಲ್ಲ, ಅವರು ಆಪ್ ಹಾಕಿಕೊಡಲಿ, ಏಲೆ ಪುಸ್ತಕಕ್ಕಿಂತ ಸಾವಿರ ಪಾಲು ವಾಸಿ. ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಗಂಡ ತೆಲುಗಿನವರು, ಮಗುವಿಗೆ ಕನ್ನಡ ಕಿವಿಗೆ ಬೀಳುವುದೇ ಕಡಿಮೆ. ಅವಳು ನಮ್ಮಮ್ಮನ ಹತ್ತಿರ ವಾಟ್ಸಾಪಿನಲ್ಲಿ ದಿನಕ್ಕೊಂದು ಅಕ್ಷರ ರೆಕಾರ್ಡ್ ಮಾಡಿಸಿಕೊಳ್ಳುತ್ತಾಳೆ. ಅಮ್ಮನ ಳ ಎಷ್ಟು ಗಟ್ಟಿ ಅಂದರೆ ಫೋನಿನ ಸ್ಪೀಕರೂ ನಡುಗುತ್ತೆ.

ಮರದ ತಟ್ಟೆಯನ್ನು ಎಸೆದಿಲ್ಲ, ಮಳೆ ಬಂದ ದಿನ ಆಡಲು ಆಗುತ್ತೆ. ಮಾತಾಡುವ ಪುಸ್ತಕದ ಮೂರು ಸೆಲ್ ಬಿಚ್ಚಿ ಒಂದನ್ನು ಗೋಡೆ ಗಡಿಯಾರಕ್ಕೆ, ಎರಡನ್ನು ಟಿವಿ ರಿಮೋಟಿಗೆ ಹಾಕಿದ್ದೇನೆ.

ಹೋದ ಭಾನುವಾರ ವಿಜಯನಗರದ ದರ್ಶಿನಿಯೊಂದರಲ್ಲಿ ಟೋಕನ್ನಿಗೆ ನಿಂತಿದ್ದೆವು. ಮಗಳು ಕೌಂಟರಿನ ಮೇಲಿನ ಬೋರ್ಡನ್ನೇ ದಿಟ್ಟಿಸಿ ನೋಡಿ "ದ... ರ. ದರ!" ಅಂತ ಕೂಗಿದಳು. ಪಕ್ಕದ 'ಪಟ್ಟಿ' ಇನ್ನೂ ಬರಲ್ಲ. ಟೋಕನ್ ಕೊಡುವವರು ತಿರುಗಿ ಬೋರ್ಡು ನೋಡಿ, "ಇಡ್ಲಿ ಅಲ್ಲೇ ಬರ್ದಿದೆ ನೋಡಮ್ಮ, ಎರಡಕ್ಕೆ ನಲವತ್ತು" ಅಂದರು.