ನಿಕೋಟಿನ್ ಗಮ್ 2 ಎಂಜಿ: ಮೊದಲನೇ ಸಲ ಎಸೆದೆ, ಎರಡನೇ ಸಲ ಕೆಲಸ ಮಾಡ್ತು

ಸಿಗರೇಟು ಬಿಡೋಕೆ ಅಂತ ಅಗಿಯೋ ಗಮ್ ಇದು, ಎರಡು ವರ್ಷದ ಹಿಂದೆ ವೇಸ್ಟು ಅಂತ ಅರ್ಧ ಸ್ಟ್ರಿಪ್ ಎಸೆದಿದ್ದೆ. ಆಗ ಮಾಮೂಲಿ ಚೂಯಿಂಗ್ ಗಮ್ ತರ ಕಚಕಚ ಅಗಿದಿದ್ದೆ, ಐದೇ ನಿಮಿಷಕ್ಕೆ ಬಿಕ್ಕಳಿಕೆ, ಗಂಟಲುರಿ, ಹೊಟ್ಟೆ ತೊಳಸೋದು, ಮಧ್ಯಾಹ್ನದ ಹೊತ್ತಿಗೆ ಮುಂಬೈನ ಅಂಧೇರಿ ಸ್ಟೇಷನ್ ಹೊರಗಿನ ಟಪರೀಲಿ (ಚಹಾ-ಸಿಗರೇಟಿನ ಗೂಡಂಗಡಿ) ಮತ್ತೆ ಸಿಗರೇಟು. ಅಗಿಯೋ ರೀತೀನೇ ತಪ್ಪು ಅಂತ ಮೆಡಿಕಲ್ ಶಾಪಲ್ಲಿ ಯಾರೂ ಹೇಳಿರ್ಲಿಲ್ಲ.

ಈ ಸಲ ಮೊದಲು 1800-11-2356ಕ್ಕೆ ಫೋನ್ ಮಾಡ್ದೆ. 2018ರಿಂದ ಸಿಗರೇಟ್ ಪ್ಯಾಕ್ ಮೇಲೆ ಬರ್ತಿರೋ ನಂಬರ್ರೇ ಇದು, ತಂಬಾಕು ಬಿಡೋಕೆ ಸಹಾಯ ಮಾಡೋ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ಇಲ್ಲಿ ಮುಂಬೈಲಿ ಟಾಟಾ ಮೆಮೋರಿಯಲ್ ಆಸ್ಪತ್ರೇಲಿ ಅದರ ಒಂದು ಸೆಂಟರ್ ಇದೆ, ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇನ್ನೊಂದು. ನಾನು ಹಿಂದೀಲಿ ಮಾತಾಡ್ದೆ, ಹಾವೇರೀಲಿರೋ ನಮ್ಮಣ್ಣ ಮಾಡಿದಾಗ ಕನ್ನಡದಲ್ಲೇ ಮಾತಾಡಿದ್ರು. ನನ್ನ ಫೋನ್ ತಗೊಂಡ ಮೇಡಂ ಕೇಳಿದ ಮೊದಲ ಪ್ರಶ್ನೆ, ಎದ್ದು ಎಷ್ಟೊತ್ತಿಗೆ ಮೊದಲ ಸಿಗರೇಟು ಅಂತ. ನಂದು ಟ್ರೇನ್ ಇಳಿದ ಮೇಲೆ, ಹಾಗಾಗಿ 2 ಎಂಜಿ ಸಾಕು ಅಂದ್ರು. ಎದ್ದ ಅರ್ಧ ಗಂಟೆಯೊಳಗೆ ಹಚ್ಚೋರಿಗೆ 4 ಎಂಜಿ, ಅದಕ್ಕೆ ಡಾಕ್ಟರ್ ಚೀಟಿ ಬೇಕು.

ಈಗ ಅಗಿಯೋ ವಿಷಯ, ದಯವಿಟ್ಟು ಗಮನ ಕೊಟ್ಟು ಓದಿ. ನಿಧಾನಕ್ಕೆ ಅಗೀಬೇಕು, ನಾಲಿಗೆಗೆ ಮೆಣಸಿನಂಥ ಚುರುಕು ತಾಗಿದ ತಕ್ಷಣ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ಮಧ್ಯೆ ಒತ್ತಿಟ್ಕೋಬೇಕು, ಚುರುಕು ಹೋದ್ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಕಡೆ ಇಡ್ಬೇಕು, ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಹೋಗ್ಬೇಕು, ಜೊಲ್ಲಿನ ಜೊತೆ ನುಂಗಿಬಿಟ್ರೆ ಪ್ರಯೋಜನ ಕಮ್ಮಿ, ಬಿಕ್ಕಳಿಕೆ ಜಾಸ್ತಿ. ಹಾಕ್ಕೊಳ್ಳೋ ಹದಿನೈದು ನಿಮಿಷ ಮುಂಚೆಯಿಂದ ಟೀ, ಕಾಫಿ, ಜ್ಯೂಸ್ ಬೇಡ, ಹುಳಿ ಅಂಶ ಇದ್ರೆ ನಿಕೋಟಿನ್ ಸರಿಯಾಗಿ ಹೀರ್ಕೊಳ್ಳಲ್ಲ. ಕಟಿಂಗ್ ಚಾಯ್ ಜೊತೆ ಗಮ್ ಅಗೀತಾ ಇದ್ದವನು ನಾನು, ಇದು ಗೊತ್ತಾದಾಗ ನಿಜವಾಗ್ಲೂ ಹೊಟ್ಟೆ ಉರೀತು.

ಮೊದಲ ಮೂರು ದಿನ ಕಷ್ಟ, ಗಮ್ ಇದ್ರೂ ಕಷ್ಟ. ತಲೆನೋವು, ನಿದ್ದೆ ಇಲ್ಲ, ಡೊಂಬಿವಲಿ ಲೋಕಲ್‌ನಲ್ಲಿ ಯಾರೋ ಬ್ಯಾಗ್ ತಾಗಿಸಿದ್ದಕ್ಕೆ ಜಗಳ, ಮನೆಯವಳ ಮೇಲೆ ಸುಮ್ ಸುಮ್ನೆ ಕೂಗಾಟ. ಸಿಗರೇಟು ಎಳೆದ್ರೆ ಹತ್ತು ಸೆಕೆಂಡಲ್ಲಿ ತಲೆಗೇರುತ್ತೆ, ಗಮ್ಮಲ್ಲಿ ಆ ಕಿಕ್ ಸಿಗಲ್ಲ, ಚಡಪಡಿಕೆ ಮಾತ್ರ ಇಳಿಯುತ್ತೆ. ಅದಕ್ಕೇ ಆಸೆ ತಡೆಯೋಕಾಗದೇ ಇರೋವರೆಗೂ ಕಾಯ್ಬೇಡಿ, ಮೊದಲ ಆರು ವಾರ ಒಂದೆರಡು ಗಂಟೆಗೊಂದು ಹಾಕ್ಕೊಳ್ಳಿ, ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೇ ಮೂರು ವಾರ ಇನ್ನೂ ಕಮ್ಮಿ, ಒಟ್ಟು ಹನ್ನೆರಡು ವಾರ.

ಖರ್ಚು ಸಿಗರೇಟಿಗೆ ಹಾಕ್ತಿದ್ದಕ್ಕಿಂತ ಕಮ್ಮೀನೇ ಆಗಿದೆ. ದವಡೆ ನೋಯುತ್ತೆ, ಕಟ್ಟಿಸಿದ ಹಲ್ಲು ಇದ್ದೋರಿಗೆ ಅಂಟುತ್ತೆ. ಹಾರ್ಟ್ ತೊಂದರೆ ಇದ್ದೋರು, ಬಸುರಿಯರು ಡಾಕ್ಟರನ್ನ ಕೇಳದೆ ಮುಟ್ಬೇಡಿ.

ನಂಗೀಗ ಎಂಟನೇ ವಾರ. ಮಹಾರಾಷ್ಟ್ರದಲ್ಲಿ ಬಿಡಿ ಸಿಗರೇಟು ಮಾರೋದು 2020ರಲ್ಲೇ ಬ್ಯಾನ್ ಆಗಿದ್ರೂ ಆ ಟಪರೀಲಿ ಒಂದೊಂದೇ ಸಿಗುತ್ತೆ, ನನ್ನಂಥೋರಿಗೆ ಅದೇ ದೊಡ್ಡ ಅಪಾಯ, ಪೂರ್ತಿ ಪ್ಯಾಕ್ ತಗೊಳ್ಳೋಕೆ ಮನಸ್ಸು ಹಿಂಜರಿಯುತ್ತೆ, ಒಂದಕ್ಕೆ ಹಿಂಜರಿಯಲ್ಲ. ಹಾಗಾಗಿ ಸ್ಟೇಷನ್ ಸೇತುವೆ ಇಳಿಯೋಕೆ ಮುಂಚೇನೇ ಒಂದು ಗಮ್ ಕೆನ್ನೇಲಿ ಇಟ್ಕೊಂಡು, ರಸ್ತೆ ಆ ಕಡೆಯಿಂದ ಹೋಗ್ತೀನಿ.