ಒಂಬತ್ತನೇ ತರಗತಿ ಕೈಕೊಟ್ಟವರಿಗೆ ಕಾಮನ್ ಆ್ಯಪ್: ನಮ್ಮ ಕಡೆಯ ಪಿಯು ವಿದ್ಯಾರ್ಥಿಗಳಿಗಾಗಿ ಒಂದು ವಿಮರ್ಶೆ

"ಒಂಬತ್ತನೇತ್ಯಾಗ ಮಾರ್ಕ್ಸ್ ಕಡಿಮಿ ಬಿದ್ದಾವ್ರಿ ಸರ್, ಅಮೆರಿಕಾದ ಛಲೋ ಕಾಲೇಜಿಗೆ ಅರ್ಜಿ ಹಾಕಬೌದೇನ್ರಿ?" ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪಿಯು ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು. ಹಾಕಬಹುದು. ಅರ್ಜಿ ಹಾಕಲು ಬಳಸುವ ಕಾಮನ್ ಆ್ಯಪ್ ಎಂಬ ಜಾಲತಾಣ ಇಂಥವರಿಗೆ ಒಳ್ಳೆಯ ಸಾಧನವೇ. ಆದರೆ ಅಲ್ಲಿ ನಮ್ಮ ಕಡೆಯವರನ್ನು ನಿಜಕ್ಕೂ ಕಾಡುವುದು ಒಂಬತ್ತನೇ ತರಗತಿಯಲ್ಲ, ಪಿಯು ಪ್ರಥಮ ವರ್ಷ. ಅದನ್ನು ಮೊದಲೇ ತಿಳಿದುಕೊಂಡು ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಮನ್ ಆ್ಯಪ್ ಶುರುವಾದದ್ದು 1975ರಲ್ಲಿ. ಲಾಭದ ಉದ್ದೇಶವಿಲ್ಲದ ಸಂಸ್ಥೆ, ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅದರಲ್ಲಿವೆ. ಖಾತೆ ತೆರೆಯಲು ದುಡ್ಡಿಲ್ಲ. ಪ್ರತಿ ವರ್ಷ ಆಗಸ್ಟ್ 1ಕ್ಕೆ ಹೊಸ ಅರ್ಜಿ ತೆರೆದುಕೊಳ್ಳುತ್ತದೆ, ಒಬ್ಬರು 20 ಕಾಲೇಜುಗಳವರೆಗೆ ಸೇರಿಸಿಕೊಳ್ಳಬಹುದು. ಶುಲ್ಕ ಇರುವುದು ಕಾಲೇಜುಗಳದ್ದು, ಒಂದೊಂದಕ್ಕೆ ಸಾಮಾನ್ಯವಾಗಿ 50ರಿಂದ 90 ಡಾಲರ್. ಗ್ರಿನೆಲ್, ಕಾರ್ಲ್‌ಟನ್, ಕೋಲ್ಬಿಯಂಥ ಒಳ್ಳೆಯ ಕಾಲೇಜುಗಳು ಅದನ್ನೂ ತೆಗೆದುಕೊಳ್ಳುವುದಿಲ್ಲ. ಉಳಿದೆಡೆ ಮನೆಯ ಆರ್ಥಿಕ ಪರಿಸ್ಥಿತಿ ತೋರಿಸಿ ಶುಲ್ಕ ಮನ್ನಾ ಕೇಳಬಹುದು. ಕೇಳಲು ಸಂಕೋಚ ಬೇಡ.

ಈಗ ಅಂಕದ ಮಾತು. ಅಮೆರಿಕದವರಿಗೆ ಹೈಸ್ಕೂಲು ಎಂದರೆ 9ರಿಂದ 12ರವರೆಗೆ ನಾಲ್ಕು ವರ್ಷ. ನಮ್ಮ ಲೆಕ್ಕದಲ್ಲಿ ಒಂಬತ್ತನೇ ತರಗತಿ, ಎಸ್ಸೆಸ್ಸೆಲ್ಸಿ, ಪ್ರಥಮ ಮತ್ತು ದ್ವಿತೀಯ ಪಿಯು. ಪ್ರವೇಶ ವಿಭಾಗದವರು ನಾಲ್ಕೂ ವರ್ಷದ ಅಂಕಗಳನ್ನು ಸಾಲಾಗಿ ಇಟ್ಟುಕೊಂಡು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುತ್ತಾರೆ. ಒಂಬತ್ತರಲ್ಲಿ 58, ಎಸ್ಸೆಸ್ಸೆಲ್ಸಿಯಲ್ಲಿ 74, ಪ್ರಥಮ ಪಿಯುನಲ್ಲಿ 86 ಇದ್ದ ಹುಡುಗಿಗೆ ಆ 58 ದೊಡ್ಡ ಹೊರೆಯಲ್ಲ. ತಲೆಕೆಳಗಾಗಿದ್ದರೆ ಮಾತ್ರ ಕಷ್ಟ. ಹನ್ನೊಂದನೆಯ ತರಗತಿ, ಅಂದರೆ ಪ್ರಥಮ ಪಿಯು, ಅವರಿಗೆ ಅತಿ ಮುಖ್ಯ, ಏಕೆಂದರೆ ಅರ್ಜಿ ಹಾಕುವ ಹೊತ್ತಿಗೆ ಕೈಯಲ್ಲಿರುವ ಕೊನೆಯ ಪೂರ್ಣ ವರ್ಷ ಅದೇ.

ನಮ್ಮಲ್ಲಿ ಸರಿಯಾಗಿ ಅದೇ ವರ್ಷ ಉಡಾಫೆಯಾಗಿ ಹೋಗುತ್ತದೆ. ಪ್ರಥಮ ಪಿಯು ಅಂಕ ಕರ್ನಾಟಕದಲ್ಲಿ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುದ ಅಂಕ ಅರ್ಧ, ಪ್ರವೇಶ ಪರೀಕ್ಷೆಯದು ಅರ್ಧ. ನೀಟ್‌ನಲ್ಲಿ ಅದೂ ಇಲ್ಲ. ಹಾಗಾಗಿ ಟ್ಯೂಷನ್ನಿನವರೂ ಮನೆಯವರೂ "ಪಾಸಾದರ ಸಾಕು" ಅನ್ನುತ್ತಾರೆ. ಸಾಲದ್ದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಮೊದಲ ಸಲ ಎದುರಿಸುವುದೂ ಅದೇ ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ 90 ಇದ್ದದ್ದು ಪ್ರಥಮ ಪಿಯುನಲ್ಲಿ 65ಕ್ಕೆ ಬಂದು ನಿಲ್ಲುತ್ತದೆ. ಇಲ್ಲಿನವರಿಗೆ ಅದು ಸಹಜ. ಅಮೆರಿಕದ ಅಯೋವಾದಲ್ಲಿ ಕೂತು ಅರ್ಜಿ ಓದುವವರಿಗೆ ಯಾರಾದರೂ ಹೇಳದಿದ್ದರೆ ತಿಳಿಯುವುದಿಲ್ಲ.

ಹೇಳಲು ಕಾಮನ್ ಆ್ಯಪ್ ಜಾಗ ಕೊಟ್ಟಿದೆ, ನಾನು ಅದನ್ನು ಮೆಚ್ಚುವುದು ಇದೇ ಕಾರಣಕ್ಕೆ. ಮುಖ್ಯ ಪ್ರಬಂಧ 250ರಿಂದ 650 ಪದ. ಅದರ ಹೊರತಾಗಿ ಸವಾಲುಗಳು ಮತ್ತು ಪರಿಸ್ಥಿತಿ ಎಂಬ 250 ಪದಗಳ ಅಂಕಣವಿದೆ, ಹೆಚ್ಚುವರಿ ಮಾಹಿತಿಗೆ ಇನ್ನೊಂದಿದೆ. ಈ ಎರಡನೆಯದು ಮೊದಲು 650 ಪದ ಇತ್ತು, 2025ರ ಆಗಸ್ಟ್‌ನಿಂದ 300ಕ್ಕೆ ಇಳಿಸಿದ್ದಾರೆ. ಹಳೆಯ ಮಾದರಿ ನೋಡಿ ಬರೆದಿಟ್ಟುಕೊಂಡವರು ಕತ್ತರಿಸಲು ಸಿದ್ಧರಿರಬೇಕು.

ಕಡಿಮೆ ಅಂಕದ ವಿವರಣೆ ಮುಖ್ಯ ಪ್ರಬಂಧದಲ್ಲಿ ಬೇಡವೇ ಬೇಡ. ಅದು ನೀವು ಯಾರು ಎಂದು ತೋರಿಸುವ ಜಾಗ. ಅಲ್ಲಿ ಅಂಕದ ಅಳಲು ಶುರುವಾದರೆ ಅಷ್ಟೂ ಪದ ದಂಡ. ಚಿಕ್ಕ ಅಂಕಣದಲ್ಲಿ 100–120 ಪದಗಳಲ್ಲಿ ಮುಗಿಸಿ. ಏನಾಯಿತು, ಯಾವಾಗ ಆಯಿತು, ಆಮೇಲೆ ಏನು ಬದಲಾಯಿತು, ಅದಕ್ಕೆ ಪುರಾವೆಯ ಅಂಕಿ ಯಾವುದು, ಇಷ್ಟೇ. ಉದಾಹರಣೆಗೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯು ವಿಜ್ಞಾನ ಪೂರ್ತಿ ಇಂಗ್ಲಿಷಿನಲ್ಲಿ. ಪ್ರಥಮ ವರ್ಷದ ಮಧ್ಯವಾರ್ಷಿಕದಲ್ಲಿ ಭೌತಶಾಸ್ತ್ರ 70ಕ್ಕೆ 24, ವಾರ್ಷಿಕದಲ್ಲಿ 43, ದ್ವಿತೀಯ ವರ್ಷದ ಮಧ್ಯವಾರ್ಷಿಕದಲ್ಲಿ 58. ಇಂಥ ನಾಲ್ಕು ಸಾಲಿಗೆ ಇರುವ ತೂಕ "ನಾನು ಬಹಳ ಕಷ್ಟಪಟ್ಟೆ" ಎಂಬ ಎರಡು ಪುಟಕ್ಕೆ ಇರುವುದಿಲ್ಲ. ಶಿಕ್ಷಕರು ಸರಿ ಇರಲಿಲ್ಲ ಎಂದು ಬರೆಯಲೇಬೇಡಿ. ಮನೆಯಲ್ಲಿ ಕಾಯಿಲೆ ಇತ್ತು, ಕಬ್ಬಿನ ಹಂಗಾಮಿನಲ್ಲಿ ಊರು ಬಿಟ್ಟು ಹೋಗಬೇಕಾಯಿತು ಎಂದರೆ ಅದನ್ನು ಮರೆಮಾಚುವ ಅಗತ್ಯವಿಲ್ಲ, ತಿಂಗಳು ವರ್ಷ ಸಮೇತ ಬರೆಯಿರಿ.

ಚಟುವಟಿಕೆಗಳ ವಿಭಾಗದಲ್ಲಿ ತುಂಬಲು ಹತ್ತು ಖಾನೆಗಳಿವೆ. ಒಂದೊಂದಕ್ಕೆ ವಿವರಣೆ 150 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ನಮ್ಮ ಮಕ್ಕಳು ಇಲ್ಲಿ ಗ್ಯಾದರಿಂಗಿನ ಭಾಷಣ ಸ್ಪರ್ಧೆ ಬರೆದು ಸುಮ್ಮನಾಗುತ್ತಾರೆ. ಮನೆಗೆಲಸ, ಮನೆಯ ದುಡಿಮೆಗೆ ಪ್ರತ್ಯೇಕ ವರ್ಗವೇ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಇಳಕಲ್‌ನ ನೇಕಾರರ ಮನೆಯ ಹುಡುಗ ಶಾಲೆ ಬಿಟ್ಟ ಮೇಲೆ ಮಗ್ಗದ ಮುಂದೆ ಕೂತು, ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾನೆ ಅನ್ನಿ. ಅದು ದೊಡ್ಡ ಚಟುವಟಿಕೆ. ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ ಎಂದು ಅಲ್ಲೇ ಕೇಳುತ್ತಾರೆ. ನಿಜವಾದ ಲೆಕ್ಕ ತುಂಬಿ. ವಾರಕ್ಕೆ 18 ತಾಸು ಎಂದು ಓದಿದವರಿಗೆ ಒಂಬತ್ತನೇ ತರಗತಿಯ ಅಂಕ ಯಾಕೆ ಹಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ತೊಡಕಿನ ಭಾಗ. ಈ ಅರ್ಜಿಯ ಅರ್ಧವನ್ನು ವಿದ್ಯಾರ್ಥಿ ತುಂಬುವುದಿಲ್ಲ, ಶಾಲೆ ತುಂಬುತ್ತದೆ: ಶಾಲಾ ವರದಿ, ಶಾಲಾ ಪರಿಚಯ ಪತ್ರ, ನಾಲ್ಕು ವರ್ಷದ ಅಂಕಪಟ್ಟಿ, ಶಿಫಾರಸು ಪತ್ರ. ಅಮೆರಿಕದ ಶಾಲೆಗಳಲ್ಲಿ ಇದಕ್ಕೆಂದೇ ಕೌನ್ಸೆಲರ್ ಇರುತ್ತಾರೆ. ನಮ್ಮ ಪಿಯು ಕಾಲೇಜಿನಲ್ಲಿ ಆ ಜಾಗಕ್ಕೆ ಪ್ರಿನ್ಸಿಪಾಲರ ಹೆಸರು, ಇಮೇಲ್ ಕೊಡಬೇಕು. ಉಪನ್ಯಾಸಕರೊಬ್ಬರು ಒಪ್ಪಿದರೆ ಅವರದ್ದಾದರೂ ಸರಿ. ಕಾಲೇಜಿನ ಅಧಿಕೃತ ಇಮೇಲ್ ಇದ್ದರೆ ಅದನ್ನೇ ಕೊಡಿ. ಕಾಮನ್ ಆ್ಯಪ್‌ನಿಂದ ಅವರಿಗೆ ಹೋಗುವ ಆಹ್ವಾನದ ಮೇಲ್ ಎಷ್ಟೋ ಸಲ ಸ್ಪ್ಯಾಮ್‌ಗೆ ಹೋಗಿ ಬೀಳುತ್ತದೆ, ಹಾಗಾಗಿ ಕಳಿಸಿದ ದಿನವೇ ಎದುರಿಗೆ ಹೋಗಿ ತೆರೆಸಿ. ಅದಕ್ಕೂ ಮೊದಲು ಫರ್ಪಾ (ವಿದ್ಯಾರ್ಥಿಗಳ ದಾಖಲೆಗಳ ಕುರಿತ ಅಮೆರಿಕದ ಕಾನೂನು) ಎಂಬ ಒಪ್ಪಿಗೆ ಬರುತ್ತದೆ. ಶಿಫಾರಸು ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ. ಬಿಟ್ಟುಕೊಡಿ, ಆಗಲೇ ಪತ್ರಕ್ಕೆ ಬೆಲೆ.

ಇನ್ನೊಂದು ಗಂಟು ನಮ್ಮ ರಾಜ್ಯದ್ದೇ. ಹೈಸ್ಕೂಲು ಒಂದು ಕಡೆ, ಪಿಯು ಇನ್ನೊಂದು ಕಡೆ. ನವೋದಯದವರಿಗೆ, ವಿಜಯಪುರದ ಸೈನಿಕ ಶಾಲೆಯವರಿಗೆ ಈ ತಾಪತ್ರಯವಿಲ್ಲ, ಹನ್ನೆರಡರವರೆಗೆ ಒಂದೇ ಕಡೆ ಓದುತ್ತಾರೆ. ಉಳಿದವರು ಅರ್ಜಿಯ ಶಿಕ್ಷಣ ವಿಭಾಗದಲ್ಲಿ ಪಿಯು ಕಾಲೇಜನ್ನು ಈಗಿನ ಶಾಲೆ ಎಂದೂ ಹೈಸ್ಕೂಲನ್ನು ಹಿಂದಿನ ಶಾಲೆ ಎಂದೂ ತುಂಬಬೇಕು. ಯಾಕೆ ಬಿಟ್ಟಿರಿ ಎಂದು ಕೇಳಿದಲ್ಲಿ, ಕರ್ನಾಟಕದಲ್ಲಿ ಹೈಸ್ಕೂಲು ಹತ್ತನೇ ತರಗತಿಗೆ ಮುಗಿಯುತ್ತದೆ ಎಂಬ ಒಂದೇ ವಾಕ್ಯ ಸಾಕು. ಬರೆಯದೆ ಬಿಟ್ಟರೆ ಶಾಲೆಯಿಂದ ಹೊರಹಾಕಿದರೇನೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ, ಅಂಕ ಕಡಿಮೆ ಇದ್ದವರಿಗಂತೂ ಅದು ಬೇಡವಾದ ಹೊರೆ.

ಒಂಬತ್ತನೇ ತರಗತಿಯ ಅಂಕಪಟ್ಟಿ ಸಿಗುವುದೇ ಪ್ರಯಾಸ. ನಾಲ್ಕು ಎಫ್‌ಎ, ಎರಡು ಎಸ್‌ಎ ಅಂಕ ಇರುವ ಆ ಕಾರ್ಡು ಹಲವು ಕಡೆ ಕನ್ನಡದಲ್ಲಷ್ಟೇ ಇರುತ್ತದೆ. ಹೈಸ್ಕೂಲಿನ ಹೆಡ್‌ಮಾಸ್ತರಿಗೆ ಜುಲೈನಲ್ಲೇ ಅರ್ಜಿ ಕೊಟ್ಟು, ರಿಜಿಸ್ಟರಿನಿಂದ ಅಂಕ ತೆಗೆಸಿ, ಲೆಟರ್‌ಹೆಡ್ಡಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಸಹಿ-ಶಿಕ್ಕಾ ಹಾಕಿಸಿ. ಮೂಲ ಕಾರ್ಡಿನ ಪ್ರತಿಯನ್ನೂ ಜೊತೆಗಿಡಿ. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯು, ದ್ವಿತೀಯ ಮಧ್ಯವಾರ್ಷಿಕ ಸೇರಿಸಿ ಒಂದೇ ಪಿಡಿಎಫ್ ಮಾಡಿ ಪ್ರಿನ್ಸಿಪಾಲರ ಕೈಗೆ ಕೊಟ್ಟರೆ ಅವರ ಕೆಲಸ ಹಗುರ. ಅಂಕಗಳನ್ನು ಜಿಪಿಎಗೆ, ಅಂದರೆ ಅಮೆರಿಕದ ಸರಾಸರಿ ದರ್ಜೆಯ ಲೆಕ್ಕಕ್ಕೆ, ಪರಿವರ್ತಿಸಬೇಡಿ. ಅಂತರ್ಜಾಲದಲ್ಲಿ ಸಿಗುವ ಪರಿವರ್ತನೆಯಲ್ಲಿ 78 ಅಂದರೆ ಸಾಧಾರಣ ದರ್ಜೆ ಎಂದಾಗಿಬಿಡುತ್ತದೆ. ನಮ್ಮ ಪಿಯುನಲ್ಲಿ 85ಕ್ಕೆ ಡಿಸ್ಟಿಂಕ್ಷನ್. ಇದನ್ನು ಹೇಳಬೇಕಾದ್ದು ಶಾಲಾ ಪರಿಚಯ ಪತ್ರ: ಒಟ್ಟು 600 ಅಂಕ, ಕಳೆದ ವರ್ಷ ಎಷ್ಟು ಮಂದಿ ಪರೀಕ್ಷೆಗೆ ಕೂತರು, ಎಷ್ಟು ಮಂದಿ 85 ದಾಟಿದರು, ಬೋಧನೆ ಯಾವ ಮಾಧ್ಯಮ. ಒಂದೇ ಪುಟ. ಹೆಚ್ಚಿನ ಕಾಲೇಜುಗಳಲ್ಲಿ ಇಂಥದ್ದು ಇರುವುದಿಲ್ಲ, ಅಂಕಿಅಂಶ ಕಲೆಹಾಕಲು ಕ್ಲರ್ಕಿಗೆ ನೆರವಾಗಿ, ಪ್ರಿನ್ಸಿಪಾಲರಿಂದ ತಯಾರು ಮಾಡಿಸಿಕೊಳ್ಳಿ. ನಿಮ್ಮ 78ನ್ನು ಕಾಪಾಡುವುದು ಈ ಪುಟವೇ.

ಬೇಗ ಅರ್ಜಿ ಹಾಕುವವರಿಗಿರುವ ನವೆಂಬರ್ 1ರ ಅರ್ಲಿ ಸುತ್ತಿಗೆ ಆತುರಪಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹೊತ್ತಿಗೆ ದ್ವಿತೀಯ ಪಿಯು ಮಧ್ಯವಾರ್ಷಿಕದ ಅಂಕ ಕೈಗೆ ಬಂದಿರದೇ ಇರಬಹುದು. ಇತ್ತೀಚೆಗೆ ಚೇತರಿಸಿಕೊಂಡವರಿಗೆ ಅದೇ ಬಂಡವಾಳ. ಜನವರಿಯ ರೆಗ್ಯುಲರ್ ಸುತ್ತಿನಲ್ಲಿ ಅದು ಸೇರುತ್ತದೆ, ಪ್ರಿಪರೇಟರಿ ಅಂಕವನ್ನು ಆಮೇಲೆ ಮಧ್ಯಾವಧಿ ವರದಿಯಲ್ಲಿ ಕಳಿಸಬಹುದು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯ ಅಂಕ ಚೆನ್ನಾಗಿದ್ದರೆ ಹಳೆಯ ಅಂಕದ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಹಾರ್ವರ್ಡ್, ಕ್ಯಾಲ್‌ಟೆಕ್, ಬ್ರೌನ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿವೆ. ನಿರೀಕ್ಷಿತ ಅಂಕವನ್ನು ಉಬ್ಬಿಸಿ ಬರೆಸಿಕೊಡುತ್ತೇವೆ ಎನ್ನುವ ಏಜೆಂಟರ ಹತ್ತಿರ ಸುಳಿಯಬೇಡಿ. ಪಿಯು ಫಲಿತಾಂಶ ಬಂದ ಮೇಲೆ ಅಂತಿಮ ವರದಿ ಹೋಗಲೇಬೇಕು, ಅಂತರ ದೊಡ್ಡದಿದ್ದರೆ ಕೊಟ್ಟ ಸೀಟು ವಾಪಸ್ ಪಡೆಯುತ್ತಾರೆ.

ದುಡ್ಡಿನ ವಿಷಯ ಸ್ಪಷ್ಟವಾಗಿ ಹೇಳಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆಮ್ಹರ್ಸ್ಟ್‌ನಂಥ ಕೆಲವೇ ಕಡೆ ವಿದೇಶಿಯರಿಗೂ ಹಣದ ಸ್ಥಿತಿ ನೋಡದೆ ಪ್ರವೇಶ ನಿರ್ಧಾರವಾಗುತ್ತದೆ, ಮತ್ತು ಅವು ಅತಿ ಕಠಿಣ. ಉಳಿದೆಡೆ ಪೂರ್ತಿ ನೆರವು ಕೇಳುವುದರಿಂದಲೇ ಸ್ಪರ್ಧೆ ಬಿಗಿಯಾಗುತ್ತದೆ. ಇಪ್ಪತ್ತೂ ಕಾಲೇಜನ್ನು ಪ್ರಸಿದ್ಧ ಹೆಸರಿನಿಂದ ತುಂಬಿಸಬೇಡಿ.

ಒಂಬತ್ತನೇ ತರಗತಿ ಒಂದೇ ಕೆಟ್ಟಿದ್ದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೂ ನೋಡಿ. ಅದು ಕಾಮನ್ ಆ್ಯಪ್‌ನಲ್ಲಿಲ್ಲ, ಸ್ವಂತ ಅರ್ಜಿಯಿದೆ. ಜಿಪಿಎ ಲೆಕ್ಕಕ್ಕೆ 10 ಮತ್ತು 11ನೇ ತರಗತಿಯ ಅಂಕವಷ್ಟೇ. ಸ್ಯಾಟ್ ನೋಡುವುದಿಲ್ಲ, ಅಂಕಪಟ್ಟಿಯನ್ನು ಸೀಟು ಸಿಕ್ಕ ಮೇಲೆ ಕೇಳುತ್ತಾರೆ. ಆದರೆ ಬೇರೆ ದೇಶದವರಿಗೆ ನೆರವು ಇಲ್ಲವೆನ್ನುವಷ್ಟು ಕಡಿಮೆ.

ಕೊನೆಯ ದಿನದ ಗಡುವು ನಿಮ್ಮ ಊರಿನ ಗಡಿಯಾರದ ರಾತ್ರಿ 11:59, ಅಮೆರಿಕದ್ದಲ್ಲ. ಹಿಂದಿನ ದಿನವೇ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವ್ಯವಹಾರ ಚಾಲೂ ಮಾಡಿಕೊಳ್ಳಿ. ದುಡ್ಡು ಕಟ್ಟಿದ ಮಾತ್ರಕ್ಕೆ ಅರ್ಜಿ ಹೋಗಿರುವುದಿಲ್ಲ: ಪಿಡಿಎಫ್ ಪರಿಶೀಲಿಸಿ, ಶುಲ್ಕ ಕಟ್ಟಿ, ಮತ್ತೆ ಒಳಗೆ ಬಂದು ಸಹಿ ಹಾಕಿ ಸಲ್ಲಿಸಬೇಕು. ಕಾಲೇಜಿನ ಹೆಸರಿನ ಪಕ್ಕ ಹಸಿರು ಗುರುತು ಕಂಡ ಮೇಲಷ್ಟೇ ಲ್ಯಾಪ್‌ಟಾಪ್ ಮುಚ್ಚಿ.